ಅಣ್ಣ ತುಂಬಿದ ಕರೆಂಟು

ಜುಲೈ 3, ಗುರುವಾರ

ಅಪ್ಪ ಹಾಸನದಿಂದ ಸಂಜೆ ಬಸ್ಸಿಗೆ ಬಂದರು. ಕೈಯಲ್ಲಿ ಗೋಣಿಚೀಲ. ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಅದನ್ನು ಮತ್ತೆ ಮತ್ತೆ ಕೆಳಗಿಟ್ಟು ಕೈ ಬದಲಿಸುತ್ತಿದ್ದರು. ನಾನು ಜಗಲಿಯ ಮೇಲೆ ನಿಂತು ನೋಡುತ್ತಲೇ ಇದ್ದೆ. ಓಡಿಹೋಗಿ ಹಿಡಿದುಕೊಳ್ಳಬೇಕೆಂದು ಹೊಳೆಯುವ ಹೊತ್ತಿಗೆ ಅವರು ಮೆಟ್ಟಿಲಿಗೆ ಬಂದಾಗಿತ್ತು. ನನ್ನದು ಯಾವಾಗಲೂ ಹೀಗೆ, ನೋಡುವುದರಲ್ಲೇ ಹೊತ್ತು ಕಳೆದುಹೋಗುತ್ತದೆ.

ಅಣ್ಣ ಬಾಡಿಗೆಗೆ ಓಡಿಸುತ್ತಿದ್ದ ಕಾರನ್ನು ಇವತ್ತು ಗುಜರಿಯವರಿಗೆ ಬಿಟ್ಟುಕೊಟ್ಟರು. ಶಾಂತಿಗ್ರಾಮದ ಹತ್ತಿರ ಲಾರಿ ಬಂದು ಗುದ್ದಿದಾಗಿನಿಂದ ಅದು ಪೊಲೀಸ್ ಸ್ಟೇಷನ್ನಿನ ಕಾಂಪೌಂಡಿನಲ್ಲೇ ನಿಂತಿತ್ತು. ಬಲಗಡೆ, ಅಣ್ಣ ಕೂತಿದ್ದ ಕಡೆ, ಏನೂ ಉಳಿದಿರಲಿಲ್ಲವಂತೆ. ಮುಂದಿನ ಬಾನೆಟ್ಟಿಗೆ ಮಾತ್ರ ಒಂದು ಗೀರೂ ಇರಲಿಲ್ಲವಂತೆ. ಕಾಗದಕ್ಕೆ ಸಹಿ ಹಾಕಿದ ಮೇಲೆ ಅಪ್ಪ ಗುಜರಿಯವನ ಹತ್ತಿರ ಬ್ಯಾಟರಿ, ಸ್ಟೀರಿಯೋ, ಕಾರಿನೊಳಗೆ ತಲೆಯ ಮೇಲಿದ್ದ ಪುಟ್ಟ ಲೈಟು, ಇಷ್ಟನ್ನು ಕೇಳಿದ್ದಾರೆ. ಅವನು ಬಿಚ್ಚಿ ಕೊಟ್ಟನಂತೆ.

ಅವ್ವ ಚೀಲದೊಳಗೆ ಇಣುಕಿ ನೋಡಿದಳು. ಕಾಫಿ ಕಾಯಿಸಲು ಒಳಗೆ ಹೋದಳು.

ಜುಲೈ 5, ಶನಿವಾರ

ನಡುಮನೆಯಲ್ಲಿ ಅಣ್ಣನನ್ನು ಮಲಗಿಸಿದ್ದ ಜಾಗದಲ್ಲಿ ಅಪ್ಪ ಇವತ್ತು ಒಂದು ಮಣೆ ಹಾಕಿ ಬ್ಯಾಟರಿ ಇಟ್ಟರು. ಊರ ಹಾಲಿನ ಡೈರಿಯಲ್ಲಿ ಟೆಸ್ಟರಾಗಿ ಇಷ್ಟು ವರ್ಷ ದುಡಿದವರು. ಕರೆಂಟು ಹೋದರೆ ಫ್ಯಾಟ್ ನೋಡುವ ಮಿಷನ್ನನ್ನು ಬ್ಯಾಟರಿಗೆ ಕೊಟ್ಟು ಓಡಿಸುತ್ತಾರೆ, ಹಾಗಾಗಿ ವೈರು, ಕ್ಲಿಪ್ಪು ಅವರ ಕೈಗೆ ಹೊಸದಲ್ಲ. ಗೋಡೆಯ ಮೊಳೆಗೆ ಲೈಟು ಕಟ್ಟಿ ಎರಡು ಕ್ಲಿಪ್ಪು ಕಚ್ಚಿಸಿದರು. ಬೆಂಕಿಪೊಟ್ಟಣದಷ್ಟು ಅಗಲದ ಬಿಳಿ ಬೆಳಕು. ಹಗಲಾದ್ದರಿಂದ ಇದ್ದೂ ಇಲ್ಲದ ಹಾಗಿತ್ತು.

ಅದೇ ಜಾಗದಲ್ಲಿ ತಿಥಿಯವರೆಗೆ ಎಣ್ಣೆಯ ದೀಪ ಉರಿಯುತ್ತಿತ್ತು. ತಿಥಿ ಮುಗಿದ ಸಂಜೆ ಅವ್ವನೇ ಅದನ್ನು ತೆಗೆದು, ತೊಳೆದು, ಬೋರಲು ಹಾಕಿದ್ದಳು.

ಅವ್ವ ಬಾಗಿಲ ಹತ್ತಿರ ನಿಂತು, ನನ್ನ ಕಡೆ ನೋಡುತ್ತ ಹೇಳಿದಳು. "ತಿಥಿ ಆದ್ಮೇಲೆ ಆ ಜಾಗ್ದಲ್ಲಿ ದೀಪ ಇಡಬಾರ್ದು ಅಂತ ನಿಮ್ಮಪ್ಪಂಗೆ ಹೇಳು. ಓಗೋನ್ಗೆ ದಾರಿ ತಪ್ತದೆ."

"ಇದು ದೀಪ ಅಲ್ಲ, ಲೈಟು ಅಂತ ನಿಮ್ಮವ್ವಂಗೆ ಹೇಳು," ಎಂದರು ಅಪ್ಪ.

ನಾನು ಯಾರಿಗೂ ಏನೂ ಹೇಳಲಿಲ್ಲ.

ಅವ್ವ ಹಿತ್ತಲಿಗೆ ಹೋದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದರು. "ನೋಡವ್ವ, ಇದ್ರಲ್ಲಿರೋ ಕರೆಂಟು ಕಂಬದ್ದಲ್ಲ. ಗೌರೀಶ ಓಡ್ಸಿದ್ದು. ಪಟ್ಣದಲ್ಲಿ ಬಾಡಿಗೆ ಇಳ್ಸಿ ಶಾಂತಿಗ್ರಾಮದಗಂಟ ಬಂದ್ನಲ್ಲ, ಇಂಜಿನ್ನು ಓಡ್ದಷ್ಟೂ ಇದ್ರೊಳೀಕೆ ತುಂಬ್ಕತಾ ಇತ್ತು. ಅವ್ನು ತುಂಬಿದ್ದು ಅವ್ನ ಜಾಗ್ದಲ್ಲೇ ಮುಗೀಲಿ. ಮುಗಿಯಾದ್ನ ನಾನು ಕೂತ್ಕಂಡು ನೋಡ್ಬೇಕು. ಆವತ್ತಂತೂ ನೋಡ್ಲಿಲ್ಲ. ಮುಗಿದ್ಮೇಲೆ ನಾನೇ ಎತ್ತಿ ಆಚೆ ಇಡ್ತೀನಿ. ಇದ್ಕೆ ಕಂಬದ ಕರೆಂಟು ಮುಟ್ಸಕಿಲ್ಲ."

ಪಟ್ಣ ಎಂದರೆ ಚನ್ನರಾಯಪಟ್ಟಣ. ಅಣ್ಣನ ಕೊನೆಯ ಬಾಡಿಗೆ.

ಅಪ್ಪನಿಗೆ ಬುದ್ಧಿ ಎಲ್ಲಿಗೆ ಹೋಯಿತು ಎನ್ನಿಸಿತು. ಸತ್ತವನ ಕರೆಂಟು, ಬದುಕಿದ್ದವರ ಕರೆಂಟು ಎಂದು ಬೇರೆ ಬೇರೆ ಇರುತ್ತದೆಯೇ? ಆದಷ್ಟು ಬೇಗ ಆರಿದರೆ ಸಾಕು.

ಜುಲೈ 8, ಮಂಗಳವಾರ

ಬೆಳಿಗ್ಗೆ ಡೈರಿಯಿಂದ ಬಂದ ಅಪ್ಪ ಸ್ಟೀರಿಯೋವನ್ನೂ ಬ್ಯಾಟರಿಗೆ ಜೋಡಿಸಿದರು. ಮನೆಯಲ್ಲಿ ಬಿದ್ದಿದ್ದ ಹಳೆಯ ಸ್ಪೀಕರೊಂದನ್ನು ಅದಕ್ಕೆ ಕೊಟ್ಟು, ಗಡ್ಡ ಕೆರೆಯಲು ಕನ್ನಡಿ ಹಿಡಿದು ಕೂತರು. ಹಾಸನದ ರೇಡಿಯೋ ಸ್ಟೇಷನ್ನು ಹತ್ತಿತು. ಅಣ್ಣ ಬೀದಿ ತಿರುವಿಗೆ ಬರುವ ಮೊದಲೇ ಅದರ ಸದ್ದು ಮನೆಗೆ ಬರುತ್ತಿತ್ತು. ಬಾಸ್ ಜಾಸ್ತಿ ಇಟ್ಟಿದ್ದ. ಮಾತಾಡುವವರ ಗಂಟಲೂ ಡೋಲಿನ ಹಾಗೆ ಕೇಳುತ್ತಿತ್ತು. ಅದು ಹಾಗೆಯೇ ಇದೆ.

ಅವ್ವ ಮುದ್ದೆಗೆ ಹಿಟ್ಟು ತಿರುವುತ್ತಿದ್ದವಳು ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಬೀದಿ ಬಾಗಿಲಿಗೆ ಓಡಿದಳು. ಗೇಟಿನವರೆಗೂ ಹೋದಳು. ಬೀದಿಯಲ್ಲಿ ಎದುರುಮನೆಯ ಮುದ್ದಮ್ಮ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದಳು, ಅಷ್ಟೆ. ಅವ್ವ ಅಲ್ಲಿಯೇ ಸ್ವಲ್ಪ ನಿಂತಳು. ವಾಪಸು ಬಂದು ಕೋಲು ಹಿಡಿದಳು. ಹಿಟ್ಟು ತಳ ಹತ್ತಿತ್ತು.

ಅಪ್ಪ ಅಷ್ಟರಲ್ಲಿ ಆರಿಸಿದ್ದರು. ಒಂದು ಕೆನ್ನೆಯಲ್ಲಿ ಸೋಪಿತ್ತು. ಆಮೇಲೆ ವೈರು ಸುತ್ತಿ ಸ್ಟೀರಿಯೋವನ್ನು ಗೋಡೆಗೂಡಿನ ಮೇಲಿಟ್ಟರು. ಲೈಟು ಇದೆ.

ಜುಲೈ 13, ಭಾನುವಾರ

ಅವ್ವ ಚನ್ನರಾಯಪಟ್ಟಣದ ದೊಡ್ಡಮ್ಮನ ಮನೆಗೆ ಹೊರಟಳು. ಬಸ್ಸಿಗೆ ಬಿಡಲು ನಾನು ಹೋಗಿದ್ದೆ. ಬಸ್ಸು ತಡವಾಯಿತು. ಕಲ್ಲುಬೆಂಚಿನ ಮೇಲೆ ಕೂತು, ಮಡಿಲಲ್ಲಿ ಬ್ಯಾಗಿಟ್ಟುಕೊಂಡು ಅವ್ವ ಹೇಳಿದಳು:

"ನಾನೊಂದ್ಸಲ ಪೂರ್ತಿ ಅಳ್ಬೇಕು ಕಣೆ ಅನು. ಆ ಮನೇಲಿ ಅಳಕಾಯ್ತಾ ಇಲ್ಲ. ಅದು ನೋಡ್ತಾ ಕೂತಿರ್ತದೆ."

ಅಪ್ಪನ ಮೇಲೆ ಸಿಟ್ಟೇ ಎಂದು ಕೇಳಿದೆ. ಸಿಟ್ಟು ಏತರದು ಎಂದಳು. ಅವರಿಗೆ ಹಿಡಿದುಕೊಳ್ಳಬೇಕು, ತನಗೆ ಬಿಡಬೇಕು, ಒಂದೇ ಮನೆಯಲ್ಲಿ ಎರಡೂ ಆಗುವುದಿಲ್ಲ ಎಂದಳು. ಬಸ್ಸು ಬಂದಾಗ ಎದ್ದು ಸೆರಗು ಸರಿ ಮಾಡಿಕೊಂಡು, "ಅದು ಆರಿದ್ ದಿನ ಫೋನ್ ಮಾಡು, ಮಾರ್ನೇ ದಿನ ಬತ್ತೀನಿ," ಎಂದಳು.

ಅಣ್ಣ ಹೋದಾಗಿನಿಂದ ಅವ್ವ ಅವನ ಹೆಸರು ಹೇಳಿಲ್ಲ. ಇವತ್ತೂ ಹೇಳಲಿಲ್ಲ.

ಜುಲೈ 16, ಬುಧವಾರ

ಬೆಳಕು ಸೊರಗಿದೆ. ಬಿಳುಪು ಹೋಗಿ ಹಾಲಿಗೆ ನೀರು ಬೆರೆಸಿದ ಹಾಗಾಗಿದೆ. ಅಪ್ಪ ಸಂಜೆ ಡೈರಿಯಿಂದ ಬಂದವರೇ ಚಾಪೆ ಹಾಕಿಕೊಂಡು ಅದರ ಎದುರು ಕೂತರು. "ಇನ್ನೇನು ನಾಳೆಯೋ ನಾಡಿದ್ದೋ," ಎಂದರು. ಊಟ ಬೇಡವೆಂದರು.

ಅವ್ವನಿಗೆ ಫೋನ್ ಮಾಡುವ ದಿನ ಹತ್ತಿರ ಬಂತು. ಒಳ್ಳೆಯದೇ.

ಜುಲೈ 17, ಗುರುವಾರ

ಕೊಣನೂರಿಗೆ ಹೋಗಿ ಬಂದೆ.

ಅಣ್ಣನ ಸ್ನೇಹಿತ ದೇವರಾಜನ ಬ್ಯಾಟರಿ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದುಗಡೆ ಇದೆ. ಅಂಗಡಿಯ ಮುಂದೆ ಗಂಡಸರು ನಿಂತಿದ್ದರು. ನಾನು ರಸ್ತೆಯ ಈಚೆ ಹೂವಿನವಳ ಪಕ್ಕದಲ್ಲಿ, ಬಸ್ಸು ಕಾಯುವವಳ ಹಾಗೆ, ಅವರೆಲ್ಲ ಹೋಗುವವರೆಗೆ ನಿಂತೆ. ಹೂವಿನವಳು ಎರಡು ಸಲ ಹೂ ಬೇಕಾ ಎಂದು ಕೇಳಿ, ಮೂರನೆಯ ಸಲ ಯಾವ ಊರಿನ ಬಸ್ಸು ಎಂದು ಕೇಳಿದಳು. ಕೊನೆಗೆ ದೇವರಾಜನೇ ನೋಡಿ ಕರೆದ.

ಡೈರಿಯ ಬ್ಯಾಟರಿಗೆ ಚಾರ್ಜರ್ ಬೇಕಿತ್ತು, ಅಪ್ಪ ಕೇಳಿ ತರಲು ಹೇಳಿದರು ಎಂದೆ. ಅಷ್ಟು ಉದ್ದದ ಸುಳ್ಳು ನನ್ನ ಬಾಯಲ್ಲಿ ತಡವರಿಸದೆ ಬಂದದ್ದು ನನಗೇ ಆಶ್ಚರ್ಯ. ಅಂಗಡಿಯ ಹಳೆಯ ಚಾರ್ಜರೊಂದನ್ನು ಒರೆಸಿ ಕೊಟ್ಟ. ಯಾವ ಬ್ಯಾಟರಿ ಎಂದು ಕೇಳಿದ. ಕಾರಿನದು ಎಂದುಬಿಟ್ಟೆ. ಅವನು ನನ್ನ ಮುಖ ನೋಡಿದ.

"ಕಾರಿಂದು ಎತ್ತಾಕಕ್ಕೆ ಇರೋದು ಕಣ್ ತಂಗಿ. ಒಂದೇ ಏಟ್ಗೆ ಇಂಜಿನ್ನ ಎಬ್ಬಿಸ್ಬುಟ್ಟು ಸುಮ್ನಾಯ್ತದೆ. ತೊಟ್ಟು ತೊಟ್ಟಾಗಿ ಕುಡುದ್ರೆ ಅದ್ಕೆ ಆಗಲ್ಲ. ಪೂರಾ ಬರಿದು ಮಾಡಿ ತುಂಬಿ, ಬರಿದು ಮಾಡಿ ತುಂಬಿ ಮಾಡುದ್ರೆ ಒಳ್ಗೇ ಸತ್ತೋಯ್ತದೆ."

ಹೂಂ ಎಂದೆ.

ಅಪ್ಪ ಒಬ್ಬರೇ ಇರುವಾಗ ಅದು ಆರಬಾರದು, ಅಷ್ಟೆ. ಊಟ ಬಿಟ್ಟು ಕೂತಿದ್ದಾರೆ. ಸ್ವಲ್ಪ ಗಟ್ಟಿಯಾಗಲಿ. ಆಮೇಲೆ ಆರಿದರೆ ತಡೆದುಕೊಂಡಾರು.

ಜುಲೈ 18, ಶುಕ್ರವಾರ

ಅಪ್ಪ ಬೆಳಿಗ್ಗೆ ಡೈರಿಗೆ ಹೋದ ಮೇಲೆ ಚಾರ್ಜರ್ ಹಾಕಿದೆ. ಇದೆಲ್ಲ ಅಣ್ಣನೇ ಕಲಿಸಿದ್ದು. ಒಮ್ಮೆ ಹೊಳೆನರಸೀಪುರದಲ್ಲಿ ನನ್ನ ಇಂಟರ್‌ವ್ಯೂ ಮುಗಿಯುವವರೆಗೆ ಕಾರಿನಲ್ಲಿ ಅವನು ಹಾಡು ಹಾಕಿಕೊಂಡು ಕಾದಿದ್ದರಿಂದ ಬ್ಯಾಟರಿ ಕೂತುಹೋಗಿತ್ತು. ಒಳಗೆ ನನ್ನ ಗಂಟಲೂ ಕೂತುಹೋಗಿತ್ತು. ಅವನು ಬಾನೆಟ್ ಎತ್ತಿ, "ಬಾ, ಎಂ.ಎ. ಓದಿರೋಳೇ, ಇಲ್ಲಿ ಕಲಿ," ಎಂದು ನಗಿಸಿದ್ದ. ಬಿಚ್ಚುವಾಗ ಮೊದಲು ಕಪ್ಪು, ಆಮೇಲೆ ಕೆಂಪು. ಹಾಕುವಾಗ ಮೊದಲು ಕೆಂಪು. ಮನೆಯಲ್ಲಿ ಅವ್ವನಿಗೂ ಅದನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿಸಲು ನೋಡಿದ್ದ. ಅವಳು ಸೊಪ್ಪು ಸೋಸುತ್ತ, ನನಗೇಕೆ ಅದು, ನಾನೇನು ಡ್ರೈವರಾ ಎಂದಿದ್ದಳು.

ಖಾಲಿ ಬರುವ ದಾರಿಯಲ್ಲಿ ನಾನು ಪಕ್ಕದಲ್ಲಿದ್ದರೆ ಸ್ಟೀರಿಯೋ ಸಣ್ಣಗೆ ಮಾಡಿ "ಓದು" ಎನ್ನುತ್ತಿದ್ದ. ಬ್ಯಾಗಿನಲ್ಲಿ ಯಾವ ಪುಸ್ತಕವಿದ್ದರೆ ಅದು. ಅರ್ಥವಾಯಿತೇ ಎಂದರೆ, ಅರ್ಥ ಯಾರಿಗೆ ಬೇಕು, ನಿನ್ನ ಗಂಟಲು ಇನ್ನೂ ಇದೆಯಾ ಎಂದು ನೋಡುತ್ತಿದ್ದೇನೆ ಎನ್ನುತ್ತಿದ್ದ.

ಮೇಲಿನ ಮುಚ್ಚಳ ತೆಗೆದು, ಕೊಣನೂರಿನಿಂದ ತಂದ ಡಿಸ್ಟಿಲ್ಡ್ ನೀರು ಹಾಕಿ, ಕ್ಲಿಪ್ಪು ಕಚ್ಚಿಸಿದೆ. ಸ್ವಲ್ಪ ಹೊತ್ತಿಗೆ ಒಳಗೆ ಅನ್ನದ ಎಸರು ಕಾಯುವ ಮೊದಲಿನ ಸದ್ದು ಬಂತು. ಹುಳಿ ವಾಸನೆ. ಅಣ್ಣನ ಕೈಯ ವಾಸನೆ ಅದು. ಅಷ್ಟು ದಿನ ನೆನಪಿಗೆ ತಂದುಕೊಳ್ಳಲು ನೋಡಿ ಆಗಿರಲಿಲ್ಲ. ಮುಚ್ಚಳ ಹಾಕಲು ಮನಸ್ಸಾಗದೆ ಮುಖ ಬಗ್ಗಿಸಿ ಕೂತೆ. ಕಣ್ಣು ಉರಿಯಿತು.

ಅಪ್ಪ ಬರುವಷ್ಟರಲ್ಲಿ ಚಾರ್ಜರನ್ನು ರಾಗಿ ಮೂಟೆಯ ಹಿಂದೆ ಇಟ್ಟೆ. ಲೈಟು ಬೆಳ್ಳಗೆ ಉರಿಯುತ್ತಿತ್ತು. ಅಪ್ಪ ಚಪ್ಪಲಿ ಬಿಡುವುದನ್ನು ಮರೆತು ನಡುಮನೆಗೆ ಬಂದು ನಿಂತುಬಿಟ್ಟರು.

ಈ ಒಂದು ಸಲ ಸಾಕು.

ಜುಲೈ 27, ಭಾನುವಾರ

ಅಪ್ಪ ಈಗ ಹೊಟ್ಟೆ ತುಂಬ ಊಟ ಮಾಡುತ್ತಾರೆ. ಡೈರಿಯಲ್ಲಿ ಹಾಲು ಹಾಕಲು ಬಂದವರಿಗೆಲ್ಲ ಲೈಟಿನ ವಿಷಯ ಹೇಳಿದ್ದಾರೆ. ಅಧ್ಯಕ್ಷ ನಂಜಪ್ಪನವರು, ಯಾವ ಕಂಪನಿ ಬ್ಯಾಟರಿಯೋ ಅದು, ಡೈರಿಗೂ ಅದನ್ನೇ ತರಿಸೋಣ ಎಂದು ತಮಾಷೆ ಮಾಡಿದರಂತೆ. ಅಪ್ಪ ನಗಲಿಲ್ಲವಂತೆ. "ಕಂಪನಿದಲ್ಲ ಬುಡಿ," ಎಂದರಂತೆ.

ಬೆಳಿಗ್ಗೆ ಮತ್ತೆ ಚಾರ್ಜರ್ ಹಾಕಿದೆ. ಸೊರಗುವ ಮೊದಲೇ ಹಾಕಿದರೆ ಬ್ಯಾಟರಿಗೆ ಒಳ್ಳೆಯದು.

ಆಗಸ್ಟ್ 3, ಭಾನುವಾರ

ಮುದ್ದಮ್ಮ ಎರಡು ಮೊಳ ಕನಕಾಂಬರ ತಂದು ಲೈಟಿನ ಮೊಳೆಗೆ ಸಿಕ್ಕಿಸಿದಳು. ನಿಂತು ಕೈ ಮುಗಿದಳು. "ಓಗಕ್ಕೆ ಮನ್ಸಿಲ್ಲ ಕಣ್ ತಿಮ್ಮಪ್ಪಣ್ಣ ನಿನ್ ಮಗುಂಗೆ," ಎಂದಳು. ಅಪ್ಪ ಬೇಡವೆನ್ನಲಿಲ್ಲ. ಅವರ ಮುಖದಲ್ಲಿ ಹಬ್ಬದ ದಿನದ ಕಳೆಯಿತ್ತು. ನನಗೆ ನೋಡಲಾಗದೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯಲು ಕೂತೆ.

ನನ್ನ ಹಸಿರು ಚೂಡಿದಾರದ ಮಡಿಲಲ್ಲಿ ಸಣ್ಣ ಸಣ್ಣ ತೂತು ಬಿದ್ದಿವೆ. ದುಪಟ್ಟಾದಲ್ಲೂ. ಒಗೆಯುವ ಕಲ್ಲು ಒರಟಾಗಿರಬೇಕು.

ಹೊಳೆನರಸೀಪುರದ ಕಾಲೇಜಿನಿಂದ ಫೋನ್ ಬಂದಿತ್ತು. ಗೆಸ್ಟ್ ಲೆಕ್ಚರರ್ ಜಾಗ ಮತ್ತೆ ಖಾಲಿ ಇದೆ, ಬುಧವಾರ ಬೆಳಿಗ್ಗೆ ಬನ್ನಿ ಎಂದರು. ಬೆಳಿಗ್ಗೆ ಆಗುವುದಿಲ್ಲ, ಮನೆಯಲ್ಲಿ ಕೆಲಸವಿದೆ ಎಂದೆ.

ಆಗಸ್ಟ್ 9, ಶನಿವಾರ

ಅವ್ವನೊಡನೆ ಫೋನಿನಲ್ಲಿ ಮಾತಾಡಿದೆ. ದೊಡ್ಡಮ್ಮನವರ ಆಲೂಗಡ್ಡೆ ಹೊಲಕ್ಕೆ ದಿನವೂ ಹೋಗುತ್ತಾಳಂತೆ. ಅಲ್ಲಿ ಚೆನ್ನಾಗಿ ಅತ್ತಳಂತೆ. ಯಾವಾಗ ಬರುತ್ತೀಯ, ಅಡುಗೆಯ ಉಪ್ಪು ಹುಳಿ ನನ್ನ ಕೈಗೆ ಹತ್ತುತ್ತಿಲ್ಲ, ನೀನು ಬರಲಿ ಎಂದು ಕಾಯುತ್ತಿದ್ದೇನೆ ಎಂದೆ. ಹೇಳುತ್ತ ನನಗೇ ಅಳು ಬಂತು.

ಅಪ್ಪ ಫೋನ್ ಇಸಿದುಕೊಂಡು, "ಇನ್ನೂ ಉರೀತಾ ಐತೆ ಕಣೆ. ಒಂಚೂರೂ ಮಂಕಾಗಿಲ್ಲ," ಎಂದರು. ಅಪ್ಪ ಹಲೋ ಹಲೋ ಎಂದು ಎರಡು ಸಲ ಕೂಗಿದರು.

ಅವ್ವ ಬೇಗ ಬಂದರೆ ಸಾಕು. ಮನೆ ಮನೆಯ ಹಾಗಿಲ್ಲ.

ಆಗಸ್ಟ್ 14, ಗುರುವಾರ

ಈಗ ಬೆಳಿಗ್ಗೆ ತುಂಬಿದರೆ ಸಂಜೆಗೇ ಸೊರಗುತ್ತದೆ. ಎರಡು ಹೊತ್ತೂ ಹಾಕುತ್ತಿದ್ದೇನೆ. ಕೊಣನೂರಿಗೆ ಹೋಗಿ ದೇವರಾಜನನ್ನು ಕೇಳಿದೆ. ಹೂವಿನವಳ ಹತ್ತಿರ ನಿಲ್ಲಲಿಲ್ಲ, ನೆಟ್ಟಗೆ ಅಂಗಡಿಗೇ ಹೋದೆ. ಅಲ್ಲಿದ್ದ ಗಂಡಸರು ತಾವಾಗಿ ದಾರಿ ಬಿಟ್ಟರು.

ಬ್ಯಾಟರಿಯೊಳಗಿನ ಪ್ಲೇಟು ಬಿಳಿ ಕಟ್ಟಿಕೊಂಡಿರುತ್ತದೆ, ಇನ್ನು ಎಷ್ಟು ತುಂಬಿದರೂ ನಿಲ್ಲುವುದಿಲ್ಲ ಎಂದ. ಹೊಸದನ್ನು ಒಳಗೆ ಇಟ್ಟು, ಮೇಲಿನ ಡಬ್ಬ ಅದೇ ಇರುವ ಹಾಗೆ ಮಾಡಲು ಬರುತ್ತದೆಯೇ ಎಂದು ಕೇಳಿದೆ.

ದೇವರಾಜ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ತಂಗಿ, ಅದು ಗೌರಿ ಕಾರಿಂದು ತಾನೆ?"

ಕೊಂಡಿದ್ದ ಡಿಸ್ಟಿಲ್ಡ್ ನೀರಿನ ಬಾಟಲಿ ಎತ್ತಿಕೊಂಡು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಚಿಲ್ಲರೆ ತೆಗೆದುಕೊಳ್ಳದೆ ಬಂದದ್ದು ನೆನಪಾಯಿತು.

ಆಗಸ್ಟ್ 17, ಭಾನುವಾರ

ತುಂಬಿದೆ.

ಆಗಸ್ಟ್ 18, ಸೋಮವಾರ

ತುಂಬಿದೆ. ಎರಡು ಸಲ.

ಆಗಸ್ಟ್ 20, ಬುಧವಾರ

ಅವ್ವ ಹೇಳದೆ ಕೇಳದೆ ಬಂದಳು. ಅಪ್ಪ ಸಂಜೆಯ ಹಾಲಿಗೆ ಹೋಗಿದ್ದರು. ನಾನು ಬಾಗಿಲು ಹಾಕಿಕೊಂಡು ಚಾರ್ಜರ್ ಹಾಕಿದ್ದೆ. ಅವ್ವನ ದನಿ ಕೇಳಿ ಎಲ್ಲವನ್ನೂ ಕಿತ್ತು ಮೂಟೆಯ ಹಿಂದೆ ತಳ್ಳಿ ಬಾಗಿಲು ತೆಗೆದೆ.

ಅವಳು ಲೈಟನ್ನು ನೋಡಿದಳು. ಬಾಡಿದ ಕನಕಾಂಬರವನ್ನೂ ನೋಡಿದಳು. ಹಿತ್ತಲಿಗೆ ಹೋಗಿ ಕೈಕಾಲು ತೊಳೆದು, ತಂತಿಯ ಮೇಲಿನ ಬಟ್ಟೆ ತೆಗೆದು ಮಡಿಸಲು ಕೂತಳು. ಬಂದ ಮನೆಯಲ್ಲಿ ಮೊದಲು ಕೈಗೆ ಸಿಕ್ಕಿದ ಕೆಲಸ ಮಾಡುವುದು ಅವಳ ಅಭ್ಯಾಸ. ನನ್ನ ಚೂಡಿದಾರವನ್ನು ಮಡಿಸುವಾಗ ಅವಳ ಕೈ ನಿಂತಿತು. ಬೆಳಕಿಗೆ ಎತ್ತಿ ಹಿಡಿದಳು. ತೂತುಗಳ ಒಳಗಿಂದ ಸಂಜೆಯ ಬಿಸಿಲು ಅವಳ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು.

ಕಲ್ಲಿಗೆ ಸಿಕ್ಕಿ ಆಗಿರಬೇಕು ಎಂದೆ.

ಅವ್ವ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಅಣ್ಣನ ನೀಲಿ ಅಂಗಿ ತಂದಳು. ಎರಡನ್ನೂ ಪಕ್ಕ ಪಕ್ಕ ಹಾಸಿದಳು. ಅದೇ ತೂತು. ಅದೇ ಸುಟ್ಟ ಅಂಚು. ಅಂಗಿಯಲ್ಲಿ ಕೆಲವಕ್ಕೆ ಅವ್ವ ಸಣ್ಣಗೆ ದಾರ ಹಾಕಿದ್ದಳು.

"ಬ್ಯಾಟ್ರಿ ಆಸಿಡ್ ನೀರು ಬಿದ್ದಾಗ ಗೊತ್ತಾಗಕಿಲ್ಲ. ಒಗ್ದಾಗ್ಲೇ ಗೊತ್ತಾಗದು. ಎಷ್ಟಂಗಿ ಹೊಲ್ದಿದೀನಿ ನಾನು." ಆಮೇಲೆ ಕೇಳಿದಳು. "ಎಂದಿಂದ ತುಂಬ್ತಾ ಇದೀಯೆ?"

ನಾನು ರಾಗಿ ಮೂಟೆಯ ಕಡೆ ನೋಡಿದೆ.

"ನಾನು ಬರ್ಲಿ ಅಂತ ಕಾಯ್ತಾ ಇವ್ನಿ ಅಂತ ಅಳ್ತಿದ್ಯಲ್ಲ ಫೋನಲ್ಲಿ."

"ಅಪ್ಪಂಗೋಸ್ಕರ ಅವ್ವ."

ಅವ್ವ ಚೂಡಿದಾರವನ್ನು ಮಡಿಸಿದಳು. ಅಂಗಿಯನ್ನೂ ಮಡಿಸಿ ಅದರ ಮೇಲಿಟ್ಟಳು. "ಅಪ್ಪಂಗೋಸ್ಕರ ಆದ್ರೆ ಅಪ್ಪಂಗೇ ಹೇಳು," ಎಂದಳು. ಬೈಯಲಿಲ್ಲ. ನನ್ನ ಬೆರಳುಗಳನ್ನು ಹಿಡಿದು ಮೂಗಿನ ಹತ್ತಿರ ತೆಗೆದುಕೊಂಡು ಹೋದಳು. ಬಹಳ ಹೊತ್ತು ಬಿಡಲಿಲ್ಲ.

ಅಪ್ಪನಿಗಾಗಿಯೇ ಅಲ್ಲವೆ? ಇನ್ಯಾರಿಗೆ?

ಆಗಸ್ಟ್ 21, ಗುರುವಾರ

ಹೇಳಿದೆ.

ಬೆಳಿಗ್ಗೆ ಹಾಲಿನ ಗಾಡಿ ಹೋದ ಮೇಲೆ ಡೈರಿಗೆ ಹೋದೆ. ಅಪ್ಪ ಒಬ್ಬರೇ ಸ್ಯಾಂಪಲ್ ಬಟ್ಟಲುಗಳನ್ನು ತೊಳೆಯುತ್ತಿದ್ದರು. ಬಾಗಿಲಲ್ಲೇ ನಿಂತು, ಒಂದೇ ಉಸಿರಿಗೆ, ಬ್ಯಾಟರಿ ತುಂಬುತ್ತಿದ್ದವಳು ನಾನು ಎಂದೆ. ನಲ್ಲಿ ಸುರಿಯುತ್ತಲೇ ಇತ್ತು.

"ಕಂಬದ ಕರೆಂಟಾ?"

"ಹೂಂ."

"ಎಂದಿಂದ?"

"ಅವ್ವ ದೊಡ್ಡಮ್ಮನ ಮನೆಗೋದ ವಾರದಿಂದ."

ಅಪ್ಪ ನಲ್ಲಿ ನಿಲ್ಲಿಸಿ, ಬೋರಲು ಹಾಕಿದ್ದ ಕ್ಯಾನಿನ ಮೇಲೆ ಕೂತರು. ಕೈಯಲ್ಲಿ ಬಟ್ಟಲು ಹಾಗೇ ಇತ್ತು. ಅದರಿಂದ ನೀರು ಅವರ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಂಜಪ್ಪನವರ ಮಾತು, ಮುದ್ದಮ್ಮನ ಹೂವು, ಎಲ್ಲ ಅವರಿಗೆ ನೆನಪಾಗುತ್ತಿರಬೇಕು ಎಂದುಕೊಂಡೆ. ಊರ ಮುಂದೆ ಅವರನ್ನು ಏನು ಮಾಡಿಬಿಟ್ಟೆ ಎಂದುಕೊಂಡೆ. ಅವರು ಯೋಚಿಸುತ್ತಿದ್ದುದು ಅದಲ್ಲ.

"ಅಂಗಾದ್ರೆ ಅವ್ನದು ಆವತ್ತೇ ಮುಗ್ದೋಗಿತ್ತು," ಎಂದರು. "ಮುಗಿಯಾದ್ನ ನೋಡ್ಬೇಕು ಅಂತಿದ್ದೆ. ಈ ಸಲವೂ ನೋಡ್ಲಿಲ್ಲ."

ಅವರ ಕೈಯಿಂದ ಬಟ್ಟಲು ಈಸಿಕೊಂಡೆ.

ಪಂಚೆಯ ಒದ್ದೆಯನ್ನು ಹಿಂಡುತ್ತ ಹೇಳಿದರು. "ಇಷ್ಟು ದಿನ ಬರಾದಿಲ್ಲ ಅಂತ ಗೊತ್ತಿಲ್ದೋನಲ್ಲ ನಾನು. ಡೈರೀಲಿ ಎಷ್ಟು ಬ್ಯಾಟ್ರಿ ಕಂಡಿಲ್ಲ. ಗೊತ್ತಿದ್ದೂ ಅವ್ನೇ ಅನ್ಕಂಡಿದ್ದೆ ಕಣವ್ವ."

ಉಳಿದ ಬಟ್ಟಲುಗಳನ್ನು ನಾನು ತೊಳೆದೆ. ಅಪ್ಪ ಒರೆಸಿದರು. ಒಟ್ಟಿಗೆ ಮನೆಗೆ ಬಂದೆವು. ದಾರಿಯಲ್ಲಿ ಚರಂಡಿ ದಾಟುವಾಗ ಅವರು ನನ್ನ ಮೊಣಕೈ ಹಿಡಿದುಕೊಂಡರು. ನನ್ನನ್ನು ದಾಟಿಸಲೋ, ತಾವು ದಾಟಲೋ, ತಿಳಿಯಲಿಲ್ಲ.

ಚಾರ್ಜರನ್ನು ದೇವರಾಜನಿಗೆ ಮುಟ್ಟಿಸಲು ಕೊಣನೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ.

ಆಗಸ್ಟ್ 24, ಭಾನುವಾರ

ಎರಡು ದಿನ ಯಾರೂ ಲೈಟಿನ ಮಾತೆತ್ತಲಿಲ್ಲ. ಅಪ್ಪ ಒಂದು ಕಂಬಕ್ಕೆ, ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ಕೂರುತ್ತಿದ್ದರು. ಗುರುವಾರ ಸಂಜೆಯೇ ಅದು ಹಳದಿಗೆ ತಿರುಗಿತು. ಆರಿಹೋಗುತ್ತದೆ ಎಂದುಕೊಂಡರೆ, ಅಪ್ಪ ಆ ಸಂಜೆ ಒಂದು ಕ್ಲಿಪ್ಪು ತೆಗೆದಿಟ್ಟರು.

ಇವತ್ತು ಸಂಜೆ ಡೈರಿಯಿಂದ ಬಂದು ಕೈ ತೊಳೆದವರೇ, ಗೋಡೆಗೂಡಿನಿಂದ ಸ್ಟೀರಿಯೋ ಇಳಿಸಿ ಪಂಚೆಯ ತುದಿಯಿಂದ ಧೂಳು ಒರೆಸಿದರು. ಅವ್ವನ ಕಡೆ ನೇರ ನೋಡಿ ಕೇಳಿದರು. ಬಹಳ ದಿನಗಳ ಮೇಲೆ ನನ್ನ ಮೂಲಕ ಅಲ್ಲದೆ ಕೇಳಿದ್ದು.

"ಹಾಕ್ಲೇನೆ? ಒಂಚೂರು ಉಳ್ಕಂಡೈತೆ. ಮೂರ್ ಜನಾನೂ ಇದೀವಿ."

ಅವ್ವ ಒಳಗೆ ಹೋಗಿ ಒಲೆ ಸಣ್ಣ ಮಾಡಿ ಬಂದು, ಮಣೆಯ ಹತ್ತಿರವೇ ಕೂತಳು. "ಹಾಕಿ," ಎಂದಳು.

ತೆಗೆದಿಟ್ಟ ಕ್ಲಿಪ್ಪನ್ನು ಮತ್ತೆ ಕಚ್ಚಿಸಿ, ಲೈಟಿನ ಪಕ್ಕದಲ್ಲೇ ಸ್ಟೀರಿಯೋಗೂ ಕೊಟ್ಟರು. ಅದೇ ಡೋಲಿನಂಥ ದನಿ. ಅವ್ವನ ಕೈ ಸೆರಗನ್ನು ಹಿಡಿಯಿತು, ಆದರೆ ಅವಳು ಏಳಲಿಲ್ಲ. ಹಾಸನದಿಂದ ಕೃಷಿಯವರ ಕಾರ್ಯಕ್ರಮ ಬರುತ್ತಿತ್ತು. ಆಲೂಗಡ್ಡೆಗೆ ಅಂಗಮಾರಿ ರೋಗ ಬಂದರೆ ಏನು ಸಿಂಪಡಿಸಬೇಕೆಂದು ಯಾರೋ ನಿಧಾನವಾಗಿ ಹೇಳುತ್ತಿದ್ದರು. ಅಳಲು ಸಿದ್ಧರಾಗಿ ಕೂತವರು ಮೂವರೂ ಆಲೂಗಡ್ಡೆಯ ರೋಗವನ್ನು ಕೇಳಿದೆವು.

"ಅಕ್ಕನ್ ಹೊಲದಲ್ಲೂ ಎಲೆ ಕಪ್ಪಾಗವೆ," ಎಂದಳು ಅವ್ವ.

ಅಪ್ಪ ಯಾವ ಔಷಧಿ ಹೊಡೆದಿದ್ದಾರೆ ಎಂದು ಕೇಳಿದರು. ಅವ್ವ ಹೇಳಿದಳು. ಆಲೂಗಡ್ಡೆ ಎಂದ ಕೂಡಲೇ ಅವಳಿಗೆ ಇನ್ನೇನೋ ನೆನಪಾಯಿತು. ಕಾರು ಹೊಸದಾಗಿ ಬಂದ ವರ್ಷ ಅಣ್ಣ ದೊಡ್ಡಮ್ಮನ ಹೊಲದಿಂದ ಆಲೂಗಡ್ಡೆ ಮೂಟೆಗಳನ್ನು ಹಿಂದಿನ ಸೀಟಿನಲ್ಲಿ ಹೇರಿಕೊಂಡು ಬಂದು, ಮಾರನೆಯ ದಿನ ಅದೇ ಕಾರಿನಲ್ಲಿ ರಾಮನಾಥಪುರಕ್ಕೆ ಮದುಮಗಳನ್ನು ಕರೆದೊಯ್ದಿದ್ದ. ಮದುಮಗಳು ಇಳಿದಾಗ ರೇಷ್ಮೆ ಸೀರೆಯ ಹಿಂದೆಲ್ಲ ಕೆಂಪು ಮಣ್ಣು. ಅತ್ತೆಯಾಗುವವಳು, ಇದೇನು, ಹೆಣ್ಣನ್ನು ಹೊಲದಿಂದ ಕಿತ್ತು ತಂದಿರಾ ಎಂದು ಕೇಳಿದಳಂತೆ. ಅಣ್ಣ ಮನೆಗೆ ಬಂದು ಇದನ್ನು ಹೇಳುವಾಗ ಅತ್ತೆಯ ಹಾಗೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಅವ್ವ ಅದನ್ನೇ ಮಾಡಿ ತೋರಿಸಿದಳು. ಅಪ್ಪ ನಕ್ಕರು. ನಗು ಕೆಮ್ಮಾಯಿತು. ಆಮೇಲೆ ಇಬ್ಬರೂ ಅತ್ತರು. ಅಳುತ್ತಲೇ ಅಪ್ಪ, ಆ ಮದುಮಗಳಿಗೆ ಈಗ ಎರಡು ಮಕ್ಕಳು ಎಂದರು. ಹೆಣ್ಣೋ ಗಂಡೋ ಎಂದಳು ಅವ್ವ. ನಾನು, ಅವಳು ನನ್ನ ಹೈಸ್ಕೂಲಿನವಳೇ, ಒಂದು ಹೆಣ್ಣು ಒಂದು ಗಂಡು ಎಂದೆ. ಅವಳ ಕತೆ, ಅವಳ ಅತ್ತೆಯ ಕತೆ, ಹೀಗೆ ಮಾತು ಎಲ್ಲೆಲ್ಲಿಗೋ ಹೋಯಿತು.

ಮಾತು ನಿಂತಾಗ ಮನೆ ನಿಶ್ಶಬ್ದವಾಗಿತ್ತು. ರೇಡಿಯೋ ಎಷ್ಟು ಹೊತ್ತಿನ ಹಿಂದೆ ನಿಂತಿತೋ ಯಾರಿಗೂ ಗೊತ್ತಿಲ್ಲ. ಲೈಟೂ ಇರಲಿಲ್ಲ. ಅಡುಗೆಮನೆಯ ಬಲ್ಬಿನ ಬೆಳಕು ನಡುಮನೆಯ ಅರ್ಧದವರೆಗೆ ಬಂದು ನಿಂತಿತ್ತು.

ಅಪ್ಪ ಗೋಡೆಯ ಮೊಳೆಯನ್ನು ನೋಡಿದರು. ಮುಂದೆ ಬಗ್ಗಿ ಕ್ಲಿಪ್ಪಿಗೆ ಕೈ ಹಾಕಿದರು. ಇಷ್ಟು ವರ್ಷ ಪಳಗಿದ ಕೈ, ತಪ್ಪಿ ಕೆಂಪಿಗೆ ಹೋಯಿತು.

"ಮೊದ್ಲು ಕಪ್ಪು ತಗೀಬೇಕಂತೆ," ಎಂದಳು ಅವ್ವ. "ಗೌರಿ ಹೇಳ್ತಿದ್ದ."

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಮೊದಲು ಕಪ್ಪನ್ನು ತೆಗೆದರು.